ಇನ್ನೂರ ಹನ್ನೆರಡು ಪತ್ರಗಳು

ಮಿಮೋಜಾ ಮೊದಲ ಸಲ ಶರಣ್ಯಾಳನ್ನು ಮಾತನಾಡಿಸಿದ್ದೇ ಒಂದು ಕೆಲಸ ಹೇಳುವುದಕ್ಕೆ.

೨೦೨೨ರ ಏಪ್ರಿಲ್ ತಿಂಗಳು, ನೆದರ್‌ಲ್ಯಾಂಡ್ಸ್. ಜೂಟರ್‌ಮೀರಿನ ಸಿಟಿ ಬಸ್ಸು ಕೊನೆಯ ನಿಲ್ದಾಣಕ್ಕೆ ಬಂದಾಗ ಒಳಗೆ ಉಳಿದಿದ್ದವಳು ಶರಣ್ಯಾ ಒಬ್ಬಳೇ. ಲ್ಯಾಪ್‌ಟಾಪ್ ಮಡಚಿಟ್ಟುಕೊಂಡು ಇಳಿಯಲು ಹೊರಟವಳ ಎದುರಿಗೆ ಚಾಲಕಿ ತನ್ನ ಸೀಟಿನಿಂದ ಎದ್ದು ಬಂದು ನಿಂತಳು. ನಲವತ್ತರ ಆಸುಪಾಸಿನ, ಗಟ್ಟಿ ತೋಳುಗಳ, ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ ಹೆಂಗಸು.

"ನೀನು ದಿನಾ ನನ್ನ ಬಸ್ಸಲ್ಲಿ ಕೂತು ಎಕ್ಸೆಲ್‌ನಲ್ಲಿ ಏನೋ ಮಾಡ್ತಿರ್ತೀಯಲ್ಲ, ಮೇಲಿನ ಕನ್ನಡೀಲಿ ಕಾಣತ್ತೆ. ಅದನ್ನ ನನಗೂ ಹೇಳಿಕೊಡ್ತೀಯಾ? ವಾರಕ್ಕೆ ಒಂದು ಗಂಟೆ ಸಾಕು."

ಶರಣ್ಯಾಳಿಗೆ ನಗು ಬಂತು. "ಯಾತಕ್ಕೆ?"

"ಸಂಸತ್ತಿಗೆ ಕೊಡೋದಕ್ಕೆ," ಎಂದಳು ಮಿಮೋಜಾ. ಅವಳು ನಗಲಿಲ್ಲ.

ಗದಗಿನ ಶರಣ್ಯಾ ಆ ಊರಿಗೆ ಬಂದು ಆರು ವರ್ಷವಾಗಿತ್ತು. ವಿಮಾ ಕಂಪನಿಯೊಂದಕ್ಕೆ ಬರುವ ಅರ್ಜಿಗಳ ಮಾಹಿತಿಯನ್ನು ಪರಿಶೀಲಿಸುವುದು, ಒಂದೇ ಅರ್ಜಿ ಎರಡು ಸಲ ಬಂದಿದ್ದರೆ ಹಿಡಿಯುವುದು ಅವಳ ಕೆಲಸ. ಪೌರತ್ವದ ಪರೀಕ್ಷೆಗೆಂದು ಕಲಿತ ಡಚ್ ಭಾಷೆ ಅರ್ಧ, ಇಂಗ್ಲಿಷ್ ಅರ್ಧ ಸೇರಿಸಿ ಅವಳು ಮಿಮೋಜಾಳೊಂದಿಗೆ ಮಾತನಾಡುತ್ತಿದ್ದಳು. ಮಿಮೋಜಾಳ ಡಚ್ ಮಾತ್ರ ಅಲ್ಲೇ ಹುಟ್ಟಿದವರ ಹಾಗೆ ಸರಾಗವಾಗಿತ್ತು. ಅವಳು ಕೊಸೊವೊದ ಅಲ್ಬೇನಿಯನ್. ೧೯೯೯ರ ಯುದ್ಧದಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಚಿಕ್ಕಮ್ಮನ ಕೈಹಿಡಿದು ನಿರಾಶ್ರಿತಳಾಗಿ ನೆದರ್‌ಲ್ಯಾಂಡ್ಸಿಗೆ ಬಂದವಳು. ಈಗ ಡಚ್ ಪ್ರಜೆ. ಹನ್ನೊಂದು ವರ್ಷದಿಂದ ಬಸ್ಸು ಓಡಿಸುತ್ತಿದ್ದಳು.

ಮುಂದಿನ ಶನಿವಾರ ಕಾಫಿ ಅಂಗಡಿಯಲ್ಲಿ ಕೂತಾಗ ಅವಳು ವಿಷಯ ಹೇಳಿದಳು. ಅವಳ ಅಪ್ಪ ಹಾಲಿಲ್, ಜಾಕೋವಾ ಎಂಬ ಊರಿನವನು, ಎಪ್ಪತ್ತಾರು ವರ್ಷ. ಬದುಕಿಡೀ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಮಗಳು ಬಸ್ಸು ಓಡಿಸುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅವನ ಆಸೆ. ಸುತ್ತಲಿನ ದೇಶಗಳವರೆಲ್ಲ ವೀಸಾ ಇಲ್ಲದೆ ಯುರೋಪಿನ ಈ ಭಾಗಕ್ಕೆ ಬಂದುಹೋಗುತ್ತಿದ್ದರು. ಕೊಸೊವೊದವರಿಗೆ ಮಾತ್ರ ವೀಸಾ ಬೇಕಿತ್ತು. ಹಾಲಿಲ್ ಮೂರು ಸಲ ಅರ್ಜಿ ಹಾಕಿದ. ಮೂರು ಸಲವೂ ತಿರಸ್ಕಾರ.

ಮಿಮೋಜಾ ಹೇಗೋ ಮಾಡಿ ಸಂಸತ್ ಸದಸ್ಯರೊಬ್ಬರ ಕಚೇರಿಯಲ್ಲಿ ಹದಿನೈದು ನಿಮಿಷ ಸಂಪಾದಿಸಿದ್ದಳು. ಅಲ್ಲಿ ಅಪ್ಪನ ಕಥೆ ಹೇಳುತ್ತ ಹೇಳುತ್ತ ಅವಳ ದನಿ ಏರಿತು, ಆಮೇಲೆ ಅಳು ಬಂತು. ಸದಸ್ಯರ ಸಹಾಯಕ ಒಳ್ಳೆಯ ಹುಡುಗ, ನೀರು ತಂದುಕೊಟ್ಟ. ಆಮೇಲೆ ಹೇಳಿದ: "ಮೇಡಂ, ಇದು ಒಬ್ಬರ ಪ್ರಕರಣ. ಒಬ್ಬರ ಪ್ರಕರಣ ಇಟ್ಟುಕೊಂಡು ಸರ್ಕಾರದ ನೀತಿ ಬದಲಾಯಿಸಿ ಅಂತ ಕೇಳೋಕಾಗಲ್ಲ. ಎಲ್ಲರಿಗೂ ಹೀಗೇ ಆಗ್ತಿದೆ ಅಂತ ತೋರಿಸಿ. ಒಂದು ಇನ್ನೂರು ತೋರಿಸಿ, ಆಗ ಮಾತಾಡೋಣ."

"ಅವತ್ತು ಟ್ರ್ಯಾಮಿನಲ್ಲಿ ಮನೆಗೆ ಬರ್ತಾ ತೀರ್ಮಾನ ಮಾಡಿದೆ," ಎಂದಳು ಮಿಮೋಜಾ. "ಇನ್ನು ಆ ಕಟ್ಟಡದಲ್ಲಿ ಅಳೋದಿಲ್ಲ. ಇನ್ನೂರು ಅಂದನಲ್ಲ, ಇನ್ನೂರು ತಗೊಂಡೇ ಹೋಗ್ತೀನಿ."

ಅವಳು ಅಪ್ಪನ ತಿರಸ್ಕಾರದ ಪತ್ರವನ್ನು ಮೇಜಿನ ಮೇಲಿಟ್ಟಳು. ಒಂದು ಹಾಳೆ. ಸಾಲಾಗಿ ಕಾರಣಗಳು, ಪ್ರತಿ ಕಾರಣದ ಮುಂದೆ ಸಣ್ಣ ಚೌಕ. ಒಂದು ಚೌಕದಲ್ಲಿ ಮಾತ್ರ ಗುರುತು: ವೀಸಾ ಅವಧಿ ಮುಗಿಯುವ ಮೊದಲು ದೇಶ ಬಿಟ್ಟು ಹೋಗುವ ಉದ್ದೇಶ ಅರ್ಜಿದಾರರಿಗೆ ಇದೆಯೆಂದು ಖಾತ್ರಿಯಾಗಲಿಲ್ಲ.

ಶರಣ್ಯಾ ಆ ಸಾಲನ್ನು ಎರಡು ಸಲ ಓದಿದಳು. ಅವಳಿಗೆ ಅದು ಬಾಯಿಪಾಠವಾಗಿತ್ತು. ಮಗಳು ಹುಟ್ಟುವ ಹೊತ್ತಿಗೆ ಬಾಣಂತನಕ್ಕೆಂದು ಬರಬೇಕಿದ್ದ ಅವ್ವ ಶಿವಗಂಗವ್ವನಿಗೂ ಅದೇ ಹಾಳೆ ಬಂದಿತ್ತು, ಅದೇ ಚೌಕದಲ್ಲಿ ಗುರುತು. ಶಿವಗಂಗವ್ವ ಗದಗಿನಲ್ಲಿ ಖಾನಾವಳಿ ನಡೆಸುತ್ತಿದ್ದಳು. ಆರು ಹೆಂಗಸರು ಅವಳ ಕೈಕೆಳಗೆ ರೊಟ್ಟಿ ಬಡಿಯುತ್ತಿದ್ದರು. ಆಗ ಫೋನಿನಲ್ಲಿ ಅವಳು ಅತ್ತಿರಲಿಲ್ಲ, ಸಿಟ್ಟಾಗಿದ್ದಳು. "ನಾ ಅಲ್ಲೇ ಉಳದ್ರ ಇಲ್ಲಿ ನೂರು ಮಂದಿ ಊಟಕ್ಕ ಏನ್ ಮಾಡ್ತಾರವಾ? ಖಾನಾವಳಿ ಬಿಟ್ಟು ನಾ ಆ ಥಂಡ್ಯಾಗ ಉಳೀತೀನಂತ ಅವರಿಗೆ ಹ್ಯಾಂಗ ಅನಿಸ್ತು?" ಅಂದಿದ್ದಳು.

"ವಾರಕ್ಕೆ ಒಂದು ಗಂಟೆ ಸಾಲಲ್ಲ," ಎಂದಳು ಶರಣ್ಯಾ. "ನಾನೇ ಕೂತು ಮಾಡ್ತೀನಿ. ನೀನು ಪತ್ರ ತಂದುಕೊಡು."

ಸಂದೀಪನಿಗೆ ಇದು ಸರಿಬರಲಿಲ್ಲ. ಅವನು ಶರಣ್ಯಾಳ ಗಂಡ, ಡೆಲ್ಫ್ಟಿನ ಪ್ರಯೋಗಾಲಯವೊಂದರಲ್ಲಿ ಎಂಜಿನಿಯರ್, ಸ್ವಭಾವತಃ ಎಚ್ಚರಿಕೆಯ ಮನುಷ್ಯ.

"ನಮ್ಮ ಪೌರತ್ವದ ಅರ್ಜಿ ಇನ್ನೂ ಅವರ ಟೇಬಲ್ ಮ್ಯಾಲ ಅದ. ಇಂಥಾ ಟೈಮಿನ್ಯಾಗ ಪಾರ್ಲಿಮೆಂಟು, ಮನವಿ... ನಮಗ್ಯಾಕ ಬೇಕ ಶರಣ್ಯಾ? ನಾವೇನ್ ಅಲ್ಬೇನಿಯನ್ನರಾ?"

"ಒಂದು ಶೀಟ್ ಮಾಡಿಕೊಡಾಕತ್ತೀನಿ, ಅಷ್ಟ."

"ಇವತ್ತ ಶೀಟ್ ಅಂತಿ, ನಾಳೆ ಮೈಕ್ ಹಿಡೀತಿ."

"ಹಿಡದ್ರ ಏನಾತು? ಪೌರತ್ವ ಸಿಕ್ಕಮ್ಯಾಲ ಮಾತಾಡೂದು, ಅಲ್ಲೀತನಕ ಬಾಯಿ ಮುಚಗೊಂಡ ಇರೂದು ಅಂತ ಎಲ್ಲ್ಯಾರ ಬರದಾರೇನು?"

ಸಂದೀಪ ಒಳಕೋಣೆಗೆ ಹೋದ. ಒಪ್ಪಿದ್ದರಿಂದಲ್ಲ, ಮಗು ಎದ್ದಿತ್ತು.

ಮೇ ತಿಂಗಳಿಂದ ಪತ್ರಗಳು ಬರತೊಡಗಿದವು. ಹೇಗ್ ನಗರದಲ್ಲಿ ಅಲ್ಬೇನಿಯನ್ನರ ಒಂದು ಸಂಘವಿತ್ತು. ಅದರ ಅಧ್ಯಕ್ಷ ಬೈರಾಮ್, ನಿವೃತ್ತ ಇತಿಹಾಸದ ಮೇಷ್ಟ್ರು, ಬಿಳಿ ಮೀಸೆ, ಯಾವಾಗಲೂ ಕೋಟು. ಪ್ರತಿ ಭಾನುವಾರ ಅವರು ಬಾಡಿಗೆಗೆ ತೆಗೆದುಕೊಂಡಿದ್ದ ಸಭಾಂಗಣದಲ್ಲಿ ಮಿಮೋಜಾ ಬಾಗಿಲ ಪಕ್ಕ ಒಂದು ಮೇಜು ಹಾಕಿಕೊಂಡು ಕೂರುತ್ತಿದ್ದಳು. ಚೆಸ್ ಆಡಲು ಬಂದವರು, ಮಕ್ಕಳನ್ನು ಭಾಷೆಯ ತರಗತಿಗೆ ಬಿಡಲು ಬಂದವರು ಎಲ್ಲರೂ ಆ ಮೇಜು ದಾಟಿಯೇ ಹೋಗಬೇಕು. ಕೆಲವರು ಮರುವಾರವೇ ಪತ್ರ ತಂದರು. ಒಬ್ಬ ಮುದುಕಿ ಆರು ಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಳು. ಆರೂ ಒಬ್ಬನೇ ತಮ್ಮನಿಗೆ ಬಂದವು. ಇನ್ನು ಕೆಲವರು ಮೇಜು ಕಂಡರೆ ಹಿಂಬಾಗಿಲಿನಿಂದ ಹೋಗುತ್ತಿದ್ದರು. ಹೆಸರು ಸರ್ಕಾರದ ಕೈಗೆ ಸಿಕ್ಕರೆ ಮುಂದಿನ ಅರ್ಜಿಯೂ ಹಾಳಾಗುತ್ತದೆಂಬ ಭಯ.

ಭಾನುವಾರ ಮುಗಿದರೆ ಮಿಮೋಜಾಳ ರಜೆಯ ದಿನಗಳು ರೈಲಿನಲ್ಲಿ. ರಾಟರ್‌ಡ್ಯಾಮ್, ಐಂಡ್‌ಹೋವನ್, ಉತ್ತರದ ತುದಿಯ ಖ್ರೋನಿಂಗನ್. ಒಂದು ಪತ್ರಕ್ಕಾಗಿ ಎರಡೂವರೆ ಗಂಟೆ ಹೋಗಿ, ಮನೆಯವರು ಬಾಗಿಲು ತೆರೆಯದೆ, ಎರಡೂವರೆ ಗಂಟೆ ವಾಪಸು ಬಂದ ದಿನವೂ ಇತ್ತು. ಮರುವಾರ ಅವಳು ಮತ್ತೆ ಅದೇ ಬಾಗಿಲಿಗೆ ಹೋದಳು. ಆಗ ತೆರೆದರು.

ಶರಣ್ಯಾ ಪ್ರತಿ ಪತ್ರಕ್ಕೂ ಒಂದು ಸಾಲು ಹಾಕಿದಳು: ವರ್ಷ, ಅರ್ಜಿದಾರರ ವಯಸ್ಸು, ಯಾರನ್ನು ನೋಡಲು, ಯಾವ ಚೌಕ. ಹತ್ತರಲ್ಲಿ ಎಂಟಕ್ಕೆ ಅದೇ ಚೌಕದಲ್ಲಿ ಗುರುತಿತ್ತು. ಅರ್ಜಿದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅರವತ್ತು ದಾಟಿದವರು.

ಬೈರಾಮ್ ಮೇಷ್ಟ್ರಿಗೆ ಈ ಕೋಷ್ಟಕ ಸಪ್ಪೆ ಅನಿಸಿತು. "ನಮ್ಮ ಇತಿಹಾಸ ಎಲ್ಲಿ? ಯುದ್ಧ ಎಲ್ಲಿ? ಮುನ್ನುಡಿಯಾಗಿ ನಲವತ್ತು ಪುಟ ನಾನು ಬರ್ಕೊಡ್ತೀನಿ," ಎಂದರು.

"ಮೇಷ್ಟ್ರೇ, ಅವರು ಅರ್ಧ ಪುಟ ಓದ್ತಾರೆ," ಎಂದಳು ಮಿಮೋಜಾ. "ಆ ಅರ್ಧ ಪುಟದಲ್ಲಿ ಈ ಚೌಕ ಒಂದೇ ಇರಬೇಕು."

ಮೇಷ್ಟ್ರಿಗೆ ಬೇಜಾರಾಯಿತು. ಆದರೂ ಪತ್ರ ಕೂಡಿಸುವುದನ್ನು ಬಿಡಲಿಲ್ಲ. ಆಗಸ್ಟ್ ಕೊನೆಯಲ್ಲಿ ಅವರು ಒಂದು ದಪ್ಪ ಲಕೋಟೆ ತಂದುಕೊಟ್ಟರು. ಒಳಗೆ ಮೂವತ್ತನಾಲ್ಕು ಪತ್ರ. ಒಟ್ಟು ಇನ್ನೂರ ಹತ್ತೊಂಬತ್ತಾಯಿತು. ಆ ಭಾನುವಾರ ಸಂಘದಲ್ಲಿ ಕೇಕ್ ತರಿಸಿದರು. ಸಂಸತ್ತಿಗೆ ಮನವಿ ಸಲ್ಲಿಸಲು ಅಕ್ಟೋಬರಿನ ಒಂದು ಮಂಗಳವಾರ ಗೊತ್ತಾಯಿತು.

ಆ ಮೂವತ್ತನಾಲ್ಕನ್ನು ಕೋಷ್ಟಕಕ್ಕೆ ಸೇರಿಸುವಾಗ ಶರಣ್ಯಾಳ ಕೈ ನಿಂತಿತು. ಪತ್ರಗಳ ಮೇಲ್ತುದಿಯಲ್ಲಿ ಉಲ್ಲೇಖ ಸಂಖ್ಯೆ ಇರುತ್ತದೆ. ಮೂವತ್ತನಾಲ್ಕರಲ್ಲಿ ಇದ್ದದ್ದು ಮೂರೇ ಸಂಖ್ಯೆ. ಹೆಸರು, ಹುಟ್ಟಿದ ದಿನ ಬೇರೆ ಬೇರೆ. ಹಾಳೆ ಮಾತ್ರ ಅದೇ ಮೂರರ ನಕಲು, ಮೂಲೆಯ ಕಾಫಿ ಕಲೆ ಕೂಡ ಅದೇ. ಇಡೀ ದಿನ ಆಫೀಸಿನಲ್ಲಿ ಹಿಡಿಯುವುದು ಇಂಥದ್ದನ್ನೇ. ಹೇಳದೆ ಬಿಟ್ಟರೆ ಯಾರಿಗೂ ಗೊತ್ತಾಗದೆ ಹೋಗಬಹುದು. ಹೇಳಿದರೆ ಐದು ತಿಂಗಳ ಓಡಾಟ ಇನ್ನೂರರ ಕೆಳಗಿಳಿಯುತ್ತದೆ, ಜೊತೆಗೆ ಮೇಷ್ಟ್ರ ಹೆಸರೂ ಕೆಡುತ್ತದೆ.

ಮರುದಿನ ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಅವಳು ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಮಿಮೋಜಾ ಬಹಳ ಹೊತ್ತು ನೋಡಿದಳು. ಅವಳ ವಿರಾಮ ಎಂಟು ನಿಮಿಷದ್ದು. ಏಳನೆಯ ನಿಮಿಷದಲ್ಲಿ ಹೇಳಿದಳು: "ಸಂಜೆ ಮೇಷ್ಟ್ರ ಮನೆಗೆ ಬಾ. ನೀನೂ ಇರಬೇಕು."

ಬೈರಾಮ್ ಮೇಷ್ಟ್ರು ಅಲ್ಲಗಳೆಯಲಿಲ್ಲ. ಚಹಾ ಬಗ್ಗಿಸಿ ಇಬ್ಬರ ಮುಂದೆಯೂ ಇಟ್ಟರು.

"ಸುಳ್ಳು ಹೆಸರು ಒಂದೂ ಹಾಕಿಲ್ಲ. ಆ ಮೂವತ್ತನಾಲ್ಕು ಜನಕ್ಕೂ ವೀಸಾ ಸಿಕ್ಕಿಲ್ಲ. ಎಲ್ಲರೂ ನನಗೆ ಗೊತ್ತಿರೋರೇ. ಪತ್ರ ಕೊಡೋಕೆ ಹೆದರಿದರು. ಅವರ ಬದಲು ನಾನು ಮಾಡಿದೆ. ಅದರಲ್ಲಿ ಏನು ತಪ್ಪು?"

"ಹೆದರಿದವರ ಹೆಸರನ್ನೇ ಅವರಿಗೆ ಹೇಳದೆ ಹಾಕಿದ್ದೀರಿ," ಎಂದಳು ಮಿಮೋಜಾ. ದನಿ ಏರಲಿಲ್ಲ. "ನಮ್ಮ ಜನ ಹೇಳಿದ ಮಾತಿಗೆ ನಿಲ್ಲಲ್ಲ ಅಂತಾನೇ ಆ ಚೌಕಕ್ಕೆ ಗುರುತು ಹಾಕೋದು. ನಾಳೆ ಅವರು ಇದನ್ನ ಹಿಡಿದರೆ, ಮಿಕ್ಕ ನೂರ ಎಂಬತ್ತೈದು ಜನಾನೂ ಸುಳ್ಳುಗಾರರಾಗ್ತಾರೆ. ನಮ್ಮಪ್ಪಾನೂ."

"ಹಿಡಿಯೋದಿಲ್ಲ."

"ಇವಳು ಅರ್ಧ ಗಂಟೇಲಿ ಹಿಡಿದಳಲ್ಲ."

ಮೇಷ್ಟ್ರು ಮೊದಲ ಸಲ ಶರಣ್ಯಾಳ ಕಡೆ ನೋಡಿದರು. ಹೊರಗಿನವಳ ಮುಂದೆ ತಲೆ ತಗ್ಗಿಸಬೇಕಾಯಿತಲ್ಲ ಎಂಬ ಸಂಕಟ ಆ ಮುಖದಲ್ಲಿತ್ತು. ಶರಣ್ಯಾಳಿಗೆ ಎದ್ದುಹೋಗಬೇಕು ಅನಿಸಿತು. ಹೋಗಲಿಲ್ಲ. ತನ್ನ ಅರೆಬರೆ ಡಚ್‌ನಲ್ಲಿ ಹೇಳಿದಳು: "ಮೇಷ್ಟ್ರೇ, ಆ ಮೂವತ್ತನಾಲ್ಕು ಜನಕ್ಕೆ ನಿಮ್ಮ ಮೇಲೆ ನಂಬಿಕೆ ಇದೆ. ನಾವು ಹೋದರೆ ಬಾಗಿಲು ತೆಗೆಯಲ್ಲ. ನೀವೇ ಹೋಗಿ ನಿಜವಾದ ಪತ್ರ ಕೇಳಿದರೆ?"

ಮಿಮೋಜಾ ಮೂವತ್ತನಾಲ್ಕು ಹಾಳೆಗಳನ್ನು ಎತ್ತಿ ಮೇಷ್ಟ್ರ ಮುಂದಿಟ್ಟಳು. "ಇನ್ನು ಐದು ವಾರ ಇದೆ. ಇನ್ನೂರು ಆಗದಿದ್ದರೆ ನೂರ ಎಂಬತ್ತೈದೇ ತಗೊಂಡು ಹೋಗ್ತೀನಿ. ಕಡಿಮೆ ಯಾಕೆ ಅಂತ ಕೇಳಿದರೆ, ಜನ ಹೆದರಿದ್ದಾರೆ ಅಂತ ಹೇಳ್ತೀನಿ. ಆದರೆ ಇದು ಮಾತ್ರ ನಾನು ಸಂಸತ್ತಿಗೆ ಒಯ್ಯೋ ಪೆಟ್ಟಿಗೇಲಿ ಇರಲ್ಲ."

ಮುಂದಿನ ಭಾನುವಾರ ಸಂಘದಲ್ಲಿ ಮೇಷ್ಟ್ರು ತಾವೇ ಎದ್ದು ನಿಂತು ನಡೆದದ್ದನ್ನು ಹೇಳಿದರು. ಮಿಮೋಜಾ ಹೇಳಿಸಿದ್ದಲ್ಲ. ಇಬ್ಬರು ಎದ್ದುಹೋದರು, ಒಬ್ಬ ಬೈದ. ಸೋಮವಾರದಿಂದ ಮೇಷ್ಟ್ರು ಅದೇ ಕೋಟು ಹಾಕಿಕೊಂಡು ಮನೆ ಮನೆಗೆ ಹೊರಟರು, ಮಿಮೋಜಾ ರಜೆಯಿದ್ದ ದಿನ ಅವಳೂ ಜೊತೆಗೆ. ಮೂವತ್ತನಾಲ್ಕು ಜನರಲ್ಲಿ ಹನ್ನೊಂದು ಜನ ನಿಜವಾದ ಪತ್ರ ಕೊಟ್ಟು ಸಹಿ ಹಾಕಿದರು. ಸುದ್ದಿ ಹರಡಿ, ಎಲ್ಲಿಂದಲೋ ಇನ್ನೂ ಹದಿನಾರು ಬಂದವು. ಸುಳ್ಳನ್ನು ತೆಗೆದುಹಾಕಿದರಂತೆ ಎಂದು ಕೇಳಿದ ಮೇಲೆಯೇ ತನಗೆ ಧೈರ್ಯ ಬಂತು ಎಂದು ಆಮ್ಸ್ಟರ್‌ಡ್ಯಾಮಿನ ನರ್ಸ್ ಒಬ್ಬಳು ಪತ್ರದ ಜೊತೆ ಚೀಟಿ ಬರೆದಿದ್ದಳು. ಒಟ್ಟು ಇನ್ನೂರ ಹನ್ನೆರಡು.

ಆ ಮಂಗಳವಾರ ಹೇಗ್‌ನಲ್ಲಿ ಗಾಳಿ ಜೋರಾಗಿತ್ತು. ಹಳೆಯ ಸಂಸತ್ ಭವನದ ದುರಸ್ತಿ ನಡೆಯುತ್ತಿದ್ದುದರಿಂದ ಸಂಸತ್ತು ರೈಲು ನಿಲ್ದಾಣದ ಹತ್ತಿರದ ಬೇರೊಂದು ಕಟ್ಟಡದಲ್ಲಿ ಸೇರುತ್ತಿತ್ತು. ಶರಣ್ಯಾ ಅರ್ಧ ದಿನ ರಜೆ ಹಾಕಿದ್ದಳು. ಬಾಗಿಲಲ್ಲಿ ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಂತಾಗ ಹಿಂದಿನಿಂದ ಯಾರೋ ಅವಳ ಕೈಯಲ್ಲಿದ್ದ ಪತ್ರಗಳ ಪೆಟ್ಟಿಗೆ ತೆಗೆದುಕೊಂಡರು. ನೋಡಿದರೆ ಸಂದೀಪ.

"ನೀ ಯಾಕ ಬಂದಿ?"

"ಪೆಟಿಗಿ ವಜ್ಜಾ ಅದ ಅಂತ ನಿನ್ನೆ ಅಂದಿದ್ದಿಯಲ್ಲಾ." ಸಾಲು ಮುಂದೆ ಸರಿದ ಮೇಲೆ ಅವನೇ ಹೇಳಿದ: "ನಿಮ್ಮವ್ವನ ಲೆಟರ್ ಬಂದಾಗ ನಾನೂ ಸುಮ್ನ ಕುಂತಿದ್ದೆ. ಅದು ಚಲೋ ಅನಿಸಿರಲಿಲ್ಲ."

ಒಳಗಿನ ವಿಶಾಲ ಅಂಗಳದಲ್ಲಿ ಹತ್ತು ನಿಮಿಷ ಅವರದ್ದು. ವಿದೇಶಾಂಗ ಸಮಿತಿಯ ನಾಲ್ವರು ಸದಸ್ಯರು ಬಂದು ನಿಂತರು. ಮಿಮೋಜಾ ಬಸ್ ಕಂಪನಿಯ ಸಮವಸ್ತ್ರದಲ್ಲೇ ಬಂದಿದ್ದಳು. ಮೂರು ಗಂಟೆಗೆ ಪಾಳಿ ಇತ್ತು. ಕಾಗದ ನೋಡದೆ ಎರಡು ನಿಮಿಷ ಮಾತನಾಡಿದಳು.

"ಇನ್ನೂರ ಹನ್ನೆರಡು ಪತ್ರ ಇದೆ. ನೂರ ಎಪ್ಪತ್ತೊಂದರಲ್ಲಿ ಒಂದೇ ಕಾರಣ, ಇವರು ವಾಪಸ್ ಹೋಗಲ್ಲ ಅಂತ. ಇವರಲ್ಲಿ ಹೆಚ್ಚಿನವರು ಅಜ್ಜಂದಿರು, ಅಜ್ಜಿಯರು. ಅವರಿಗೆ ಅಲ್ಲಿ ಮನೆ ಇದೆ, ತೋಟ ಇದೆ, ಜಗಳ ಆಡೋಕೆ ನೆರೆಹೊರೆಯವರಿದ್ದಾರೆ. ವೀಸಾ ತೆಗೆಯೋಕೆ ಹಾಕಿದ್ದ ಷರತ್ತುಗಳನ್ನ ಕೊಸೊವೊ ಪೂರೈಸಿದೆ ಅಂತ ಯುರೋಪಿನ ಆಯೋಗವೇ ೨೦೧೮ರಲ್ಲಿ ಹೇಳಿತು. ನಾಲ್ಕು ವರ್ಷ ಆಯ್ತು. ನಾನು ಈ ದೇಶದ ಪ್ರಜೆ, ಇಲ್ಲಿ ಮತ ಹಾಕ್ತೀನಿ. ನನ್ನ ದೇಶ ಯುರೋಪಿನ ಸಭೆಯಲ್ಲಿ ಕೊಸೊವೊದವರಿಗೆ ವೀಸಾ ತೆಗೆಯೋದಕ್ಕೆ ಹೌದು ಅನ್ನಬೇಕು ಅಂತ ಕೇಳೋಕೆ ಬಂದಿದ್ದೀನಿ."

ಸದಸ್ಯರಲ್ಲೊಬ್ಬರು ವೀರ್ಸಿಂಗಾ. ಈ ವಿಷಯದಲ್ಲಿ ಅವರ ಪಕ್ಷದ ನಿಲುವು ಬಿಗಿ ಎಂದು ಎಲ್ಲರಿಗೂ ಗೊತ್ತಿತ್ತು. ಅವರು ಪೆಟ್ಟಿಗೆಯ ಮುಚ್ಚಳ ತೆಗೆದು ಬೆರಳಿನಿಂದ ಹಾಳೆ ಸರಿಸುತ್ತ ಕೇಳಿದರು: "ವೀಸಾ ಸಿಕ್ಕವರಲ್ಲಿ ಎಷ್ಟು ಜನ ವಾಪಸ್ ಹೋಗದೆ ಉಳಿದರು?"

"ಗೊತ್ತಿಲ್ಲ," ಎಂದಳು ಮಿಮೋಜಾ. "ಆ ಲೆಕ್ಕ ನಮ್ಮ ಹತ್ತಿರ ಇಲ್ಲ, ನಿಮ್ಮ ಸರ್ಕಾರದ ಹತ್ತಿರ ಇರತ್ತೆ. ನೀವು ಕೇಳಿದರೆ ಅವರು ಉತ್ತರ ಕೊಡಬೇಕು. ನಾನು ಕೇಳಿದರೆ ಕೊಡಲ್ಲ."

"ಮತ್ತೆ ಇವೆಲ್ಲ ಅಸಲಿ ಪತ್ರಗಳು ಅಂತ ನಾನು ಹೇಗೆ ನಂಬಲಿ?"

ಬೈರಾಮ್ ಮೇಷ್ಟ್ರು ನೆಲ ನೋಡಿದರು. ಮಿಮೋಜಾ ಕಣ್ಣು ಕದಲಿಸಲಿಲ್ಲ. "ಫೋನ್ ನಂಬರ್ ಇದೆ, ಎಲ್ಲರ ಒಪ್ಪಿಗೆ ತಗೊಂಡಿದ್ದೀವಿ. ನಿಮಗೆ ಬೇಕಾದವರಿಗೆ ಫೋನ್ ಮಾಡಿ."

ಅವರು ನಿಜಕ್ಕೂ ಮಾಡಿದರು. ಮುಂದಿನ ವಾರ ವೀರ್ಸಿಂಗಾ ಅವರ ಕಚೇರಿಯಿಂದ ಇಪ್ಪತ್ತು ಮನೆಗಳಿಗೆ ಕರೆ ಹೋಯಿತು. ಇಪ್ಪತ್ತೂ ಪತ್ರಗಳು ಸರಿಯಿದ್ದವು. ಅದರ ಮುಂದಿನ ವಾರ ಅವರು ಸಚಿವರಿಗೆ ಲಿಖಿತ ಪ್ರಶ್ನೆ ಹಾಕಿದರು: ಎಷ್ಟು ಜನ ಉಳಿದರು, ಎಷ್ಟು ಜನ ಹಿಂದಿರುಗಿದರು, ಎಂಬತ್ತರ ಮುದುಕರನ್ನು ತಡೆಯಲು ಏನು ಆಧಾರ. ಪ್ರಶ್ನೆಯ ಕೊನೆಯಲ್ಲಿ ಆ ಇನ್ನೂರ ಹನ್ನೆರಡು ಪತ್ರಗಳ ಉಲ್ಲೇಖವಿತ್ತು. ಮಿಮೋಜಾ ಆ ಹಾಳೆಯನ್ನು ಮುದ್ರಿಸಿ ಮೇಷ್ಟ್ರಿಗೆ ಕೊಟ್ಟಳು. ಅವರು ಅದನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಂಡರು.

ಡಿಸೆಂಬರಿನಲ್ಲಿ ಯುರೋಪಿನ ದೇಶಗಳು ಕೊಸೊವೊದವರಿಗೆ ವೀಸಾ ತೆಗೆಯುವ ಒಪ್ಪಂದಕ್ಕೆ ಬಂದವು, ಮುಂದಿನ ವಸಂತದಲ್ಲಿ ಅದು ಕಾನೂನಾಯಿತು. ಎಷ್ಟೋ ರಾಜಧಾನಿಗಳಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಬಾಗಿಲು ಬಡಿದಿದ್ದರು. ಜೂಟರ್‌ಮೀರಿನ ಒಂದು ಪೆಟ್ಟಿಗೆಯ ಪಾಲು ಅದರಲ್ಲಿ ಎಷ್ಟು ಎಂದು ಯಾರೂ ಹೇಳಲಾರರು. ಮಿಮೋಜಾಳೂ ಹೇಳಿಕೊಳ್ಳಲಿಲ್ಲ. "ನಾವು ತಳ್ಳಿದೆವು. ಅದು ಹೋಯಿತು," ಎಂದಳು, ಅಷ್ಟೇ.

ಆ ನಡುವೆ ಶಿವಗಂಗವ್ವನ ಹೊಸ ಅರ್ಜಿಗೆ ಮಿಮೋಜಾಳೇ ಕೂತು ಕಡತ ಕಟ್ಟಿಸಿದಳು: ಖಾನಾವಳಿಯ ಪರವಾನಗಿ, ಆರು ಹೆಂಗಸರ ಹೆಸರು, ಊಟಕ್ಕೆ ಬರುವವರ ಜೊತೆಗಿನ ಫೋಟೋ. ಈ ಸಲ ಸಿಕ್ಕಿತು. ಶಿವಗಂಗವ್ವ ಐದು ವಾರ ಇದ್ದು, ಇಲ್ಲಿನ ಬದನೆಕಾಯಿಗೆ ರುಚಿಯೇ ಇಲ್ಲವೆಂದು ಸಾರಿ, ಹೇಳಿದ ದಿನವೇ ಗದಗಿಗೆ ಹೋದಳು. ಶರಣ್ಯಾ, ಸಂದೀಪರ ಪೌರತ್ವದ ಪತ್ರವೂ ಆ ಬೇಸಿಗೆಯಲ್ಲೇ ಬಂತು.

೨೦೨೪ರ ಜನವರಿ ಒಂದರಿಂದ ವೀಸಾ ಬೇಕಿರಲಿಲ್ಲ. ಹಾಲಿಲ್ ಬಂದದ್ದು ಒಂಬತ್ತನೆಯ ತಾರೀಕು, ಕೈಯಲ್ಲಿ ಒಂದೇ ಚೀಲ, ಅದರ ತುಂಬ ಒಣ ಮೆಣಸಿನಕಾಯಿ, ಚೀಸ್. ಮಗಳ ಬಸ್ಸಿನಲ್ಲಿ ಮೊದಲ ಸೀಟಿನಲ್ಲಿ ಕೂತು ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ಹೋದ. ಬ್ರೇಕ್ ಹಾಕುವುದು ಸ್ವಲ್ಪ ತಡ ಎಂದು ತಪ್ಪು ಹುಡುಕಿದ. ಶರಣ್ಯಾಳ ಮನೆಗೆ ಊಟಕ್ಕೆ ಬಂದು ಜೋಳದ ರೊಟ್ಟಿಗೆ ತಾನು ತಂದ ಚೀಸ್ ಸುತ್ತಿ ತಿಂದ.

ತೊಂಬತ್ತು ದಿನ ಇರಬಹುದಿತ್ತು. ಮಿಮೋಜಾ ಒಂದು ತಿಂಗಳಾದರೂ ಇರು ಎಂದು ಗೋಗರೆದಳು. ಹನ್ನೊಂದನೆಯ ದಿನ ಅವನು ಚೀಲ ಕಟ್ಟಿದ.

"ಮನೇಲಿ ನೀರಿನ ಪೈಪು ಹೆಪ್ಪುಗಟ್ಟಿರತ್ತೆ," ಎಂದ. "ನೋಡಿದೆನಲ್ಲ ನಿನ್ನ. ಇನ್ನು ಬೇಸಿಗೇಲಿ ಬರ್ತೀನಿ. ಬರೋಕೆ ಈಗ ಯಾರನ್ನೂ ಕೇಳಬೇಕಾಗಿಲ್ಲವಲ್ಲ."

ವಿಮಾನ ನಿಲ್ದಾಣದಲ್ಲಿ ಅವನನ್ನು ಒಳಗೆ ಕಳಿಸಿ ಮಿಮೋಜಾ ಸ್ವಲ್ಪ ಹೊತ್ತು ಗಾಜಿನ ಹತ್ತಿರ ನಿಂತಳು. ಜೊತೆಗೆ ಬಂದಿದ್ದ ಶರಣ್ಯಾ ಅವಳ ಭುಜದ ಮೇಲೆ ಕೈಯಿಟ್ಟಳು. ಮಿಮೋಜಾಳ ಕಣ್ಣು ತುಂಬಿತ್ತು. ಅವಳು ಒರೆಸಿಕೊಳ್ಳಲಿಲ್ಲ, ಮರೆಮಾಡಲೂ ಇಲ್ಲ. ಆಮೇಲೆ ಗಡಿಯಾರ ನೋಡಿದಳು. ಎರಡು ಗಂಟೆಗೆ ಪಾಳಿ. ಇಬ್ಬರೂ ರೈಲಿನ ಕಡೆ ಬೇಗ ಬೇಗ ನಡೆದರು.